ಕೋಟದ ಕಡೆಯ ಅರ್ಥಗಾರಿಕೆ: ಕಲಿಕೆಯ ಹಾದಿ

ಯಕ್ಷಗಾನದ ಪ್ರಸಂಗದಲ್ಲಿ ಬರೆದಿರುವುದು ಪದ್ಯ ಮಾತ್ರ. ಭಾಗವತರು ಪದ್ಯ ಹಾಡಿ ನಿಲ್ಲಿಸಿದ ಮೇಲೆ ಅರ್ಥವನ್ನು ಆ ಕ್ಷಣಕ್ಕೆ ಕಟ್ಟಿ ಹೇಳಬೇಕಾದವನು ಪಾತ್ರಧಾರಿ. ಕೋಟ, ಬ್ರಹ್ಮಾವರ, ಕುಂದಾಪುರದ ಕಡೆ ಹೆಚ್ಚು ಓದದ ಕಲಾವಿದರೂ ಬೆಳಗಿನವರೆಗೆ ವಾದ ಹೂಡುವಷ್ಟು ಪಳಗಿದ್ದು ಈ ಒತ್ತಡದಿಂದಲೇ.

ಮೊದಲ ಪಾಠ ಹೂವಿನಕೋಲು. ನವರಾತ್ರಿಯಲ್ಲಿ ಪಾಠ ಹೇಳುವ ಐಗಳು ಹುಡುಗರನ್ನು ಮನೆಮನೆಗೆ ಕರೆದೊಯ್ಯುತ್ತಿದ್ದರು. ಸಿಂಗರಿಸಿದ ಕೋಲನ್ನು ನಡುವೆ ಇಟ್ಟು ಎದುರುಬದುರು ಕೂತ ಹುಡುಗರು ಪ್ರಸಂಗದ ಒಂದು ತುಂಡಿಗೆ ಅರ್ಥ ಹೇಳುತ್ತಿದ್ದರು. ಅದು ಬಹುಮಟ್ಟಿಗೆ ಬಾಯಿಪಾಠ. ಸ್ವಂತ ಮಾತು ಹುಟ್ಟುತ್ತಿದ್ದುದು ಆಮೇಲೆ. ಮಂದಾರ್ತಿ, ಮಾರಣಕಟ್ಟೆಯಂಥ ಮೇಳ ಸೇರಿದವನಿಗೆ ಚೌಕಿಯಲ್ಲಿ, ಅಂದರೆ ಬಣ್ಣದ ಮನೆಯಲ್ಲಿ, ಭಾಗವತರು ಪ್ರಸಂಗದ ನಡೆ ಹೇಳಿಕೊಡುತ್ತಿದ್ದರು, ಉಳಿದದ್ದನ್ನು ಅವನೇ ನೋಡಿ ಕಲಿಯಬೇಕಿತ್ತು.

ವೇಷ, ಕುಣಿತಗಳಿಲ್ಲದೆ ಕೂತು ಮಾತಿನಲ್ಲೇ ನಡೆಸುವ ತಾಳಮದ್ದಲೆ ಇನ್ನೂ ಕಠಿಣ. ‘ವಾಲಿವಧೆ’ಯಲ್ಲಿ ಬಾಣ ತಾಗಿ ಬಿದ್ದ ವಾಲಿ ಒಂದು ದಿನ ರಾಜಧರ್ಮವನ್ನು ಕೆದಕುತ್ತಾನೆ, ಇನ್ನೊಂದು ದಿನ, ನನ್ನನ್ನೇ ಕೇಳಿದ್ದರೆ ಸೀತೆಯನ್ನು ತಂದುಕೊಡುತ್ತಿರಲಿಲ್ಲವೇ ಎನ್ನುತ್ತಾನೆ. ನಿನ್ನೆಯ ಉತ್ತರ ಇಂದಿನ ರಾಮನಿಗೆ ಸಾಲದು. ಅಡ್ಡಪ್ರಶ್ನೆ ಹಾಕುವ ಎದುರು ಅರ್ಥಧಾರಿಯೇ ಇಲ್ಲಿ ನಿಜವಾದ ಗುರು. ಮಾತು ಜಗಳಕ್ಕೆ ತಿರುಗಿ ಪ್ರಸಂಗ ಮೂಲೆಗುಂಪಾದದ್ದೂ ಉಂಟೆನ್ನಿ.

ಕೋಟದಲ್ಲೇ 1902ರಲ್ಲಿ ಹುಟ್ಟಿದ ಶಿವರಾಮ ಕಾರಂತರು ಈ ಮಾತಿಗೆ ಒಲಿದವರಲ್ಲ. ‘ಯಕ್ಷಗಾನ ಬಯಲಾಟ’ ಕೃತಿಗೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಅವರು ತಮ್ಮ ಬ್ಯಾಲೆ ಪ್ರಯೋಗಗಳಲ್ಲಿ ಹಾಡು, ಕುಣಿತ, ವೇಷಗಳನ್ನು ಮುಂದೆ ತಂದು ಮಾತನ್ನು ಕೈಬಿಟ್ಟರು. ಹೊರನಾಡಿನ ಪ್ರೇಕ್ಷಕರಿಗೆ ಅದು ಸಲೀಸಾಯಿತು; ಕಲಾವಿದನ ಸ್ವಂತ ಬುದ್ಧಿಗೆ ಇದ್ದ ದೊಡ್ಡ ಬಯಲು ಕಿರಿದಾಯಿತು. ತರಗತಿಯ ಕಲಿಕೆಗೂ ಒಗ್ಗುವುದು ಹೆಜ್ಜೆ ಮತ್ತು ತಾಳ, ಅರ್ಥಗಾರಿಕೆ ಅಷ್ಟು ಸುಲಭವಾಗಿ ಪಠ್ಯಕ್ರಮಕ್ಕೆ ಸಿಗುವಂಥದ್ದಲ್ಲ.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್‌ನಿಂದ ಮೇಳಗಳ ತಿರುಗಾಟ ಅರ್ಧಕ್ಕೆ ನಿಂತಾಗ ಕಲೆ ಮೊಬೈಲ್ ಪರದೆಗೆ ಬಂತು. ಆನ್‌ಲೈನಿನಲ್ಲಿ ದನಿ ಒಂದು ಗಳಿಗೆ ತಡವಾಗಿ ತಲುಪುವುದರಿಂದ ಬೇರೆ ಬೇರೆ ಊರಿನಲ್ಲಿ ಕೂತ ಭಾಗವತರೂ ಮದ್ದಲೆಗಾರರೂ ತಾಳ ಕೂಡಿಸಲಾರರು. ಸಂವಾದಕ್ಕೆ ಆ ತೊಡಕು ಕಡಿಮೆ: ಒಬ್ಬರು ಮುಗಿಸಿದ ಮೇಲೆ ಇನ್ನೊಬ್ಬರು ಮಾತಾಡಿದರಾಯಿತು. ಹಗಲು ಕಚೇರಿಯಲ್ಲಿ ದುಡಿಯುವ ವಯಸ್ಕ ಹವ್ಯಾಸಿಗೆ, ಊರು ಬಿಟ್ಟು ದೂರ ಇದ್ದರೂ, ವಾಲಿಯ ಪ್ರಶ್ನೆಯನ್ನು ಎದುರಿಸಲು ಅಷ್ಟು ಸಾಕಾಗುತ್ತದೆ.