ಜೇಡಿ ಖನಿಜಗಳ ರಚನೆ ಹಾಗೂ ಮಣ್ಣು ಮಾದರಿ ಸಂಗ್ರಹಣೆ: ಬೂಕನಕೆರೆ ಹೋಬಳಿ

ಕೃಷ್ಣರಾಜಪೇಟೆ ತಾಲ್ಲೂಕಿನ ಬೂಕನಕೆರೆ ಹೋಬಳಿಯೂ ಸೇರಿದಂತೆ ಮಂಡ್ಯ ಜಿಲ್ಲೆಯ ಎತ್ತರದ ಹೊಲಗಳಲ್ಲಿ ಸಾಮಾನ್ಯವಾಗಿ ಕೆಮ್ಮಣ್ಣು ಇರುತ್ತದೆ. ಕೆರೆ, ನಾಲೆಗಳ ಕೆಳಗಿನ ತಗ್ಗು ಗದ್ದೆಗಳಲ್ಲಿ ಜೇಡಿಯ ಅಂಶ ಹೆಚ್ಚಿರುವ ಕಪ್ಪು ಛಾಯೆಯ ಮಣ್ಣು ಕಂಡುಬರುವುದುಂಟು. ಒಬ್ಬ ರೈತರ ಜಮೀನಿನಲ್ಲಿಯೇ ಇವೆರಡೂ ಇದ್ದು, ಎರಡನ್ನೂ ಬೆರೆಸಿ ಒಂದೇ ಮಾದರಿಯಾಗಿ ಸಲ್ಲಿಸಿದಲ್ಲಿ, ಬರುವ ಗೊಬ್ಬರದ ಶಿಫಾರಸು ಎರಡಕ್ಕೂ ಹೊಂದುವುದಿಲ್ಲ. ಇದಕ್ಕೆ ಮುಖ್ಯ ಕಾರಣ ಜೇಡಿ ಖನಿಜಗಳ ರಚನೆಯಲ್ಲಿರುವ ವ್ಯತ್ಯಾಸ.

ಮಣ್ಣಿನಲ್ಲಿ 0.002 ಮಿ.ಮೀ.ಗಿಂತ ಸಣ್ಣದಾದ ಕಣಗಳನ್ನು ಜೇಡಿ ಎನ್ನಲಾಗುತ್ತದೆ. ಇವು ಸಿಲಿಕಾ ಮತ್ತು ಅಲ್ಯೂಮಿನಾ ಹಾಳೆಗಳು ಒಂದರ ಮೇಲೊಂದು ಕೂಡಿ ಆದ ಪದರಗಳು. ಗ್ರಾನೈಟ್, ನೈಸ್ ಶಿಲೆಗಳು ನೀರು ಬಸಿದುಹೋಗುವ ಎತ್ತರದಲ್ಲಿ ಶಿಥಿಲಗೊಂಡಾಗ ಹೆಚ್ಚಾಗಿ ಕಯೋಲಿನೈಟ್ ಉಂಟಾಗುತ್ತದೆ. ಇದರಲ್ಲಿ ಒಂದು ಸಿಲಿಕಾ ಹಾಳೆಗೆ ಒಂದು ಅಲ್ಯೂಮಿನಾ ಹಾಳೆ. ಪದರಗಳು ಬಿಗಿಯಾಗಿ ಅಂಟಿಕೊಂಡಿರುವುದರಿಂದ ನಡುವೆ ನೀರು ನುಗ್ಗದು. ಸುಣ್ಣ, ಮೆಗ್ನೀಷಿಯಂ ಮೊದಲಾದವು ಸಂಗ್ರಹವಾಗುವ ತಗ್ಗಿನಲ್ಲಿ ಮಾಂಟ್‌ಮೊರಿಲ್ಲೊನೈಟ್ ರೂಪುಗೊಳ್ಳಲು ಅನುಕೂಲವಿರುತ್ತದೆ. ಇಲ್ಲಿ ಎರಡು ಸಿಲಿಕಾ ಹಾಳೆಗಳ ನಡುವೆ ಒಂದು ಅಲ್ಯೂಮಿನಾ ಹಾಳೆ. ಪದರಗಳ ಬಂಧ ಸಡಿಲ. ಆದ್ದರಿಂದಲೇ ಅಂತಹ ಮಣ್ಣು ನೆನೆದಾಗ ಉಬ್ಬಿ, ಒಣಗಿದಾಗ ಬಿರುಕು ಬಿಡುತ್ತದೆ.

ಪದರಗಳಲ್ಲಿ ಕೆಲವೆಡೆ ಅಲ್ಯೂಮಿನಿಯಂ ಬದಲು ಮೆಗ್ನೀಷಿಯಂ ಸೇರುವುದರಿಂದ ಮಾಂಟ್‌ಮೊರಿಲ್ಲೊನೈಟ್‌ಗೆ ಋಣ ವಿದ್ಯುದಂಶ ಹೆಚ್ಚು. ಅಮೋನಿಯಂ, ಪೊಟ್ಯಾಷ್, ಸುಣ್ಣ ಇದಕ್ಕೆ ಅಂಟಿಕೊಳ್ಳುತ್ತವೆ. 100 ಗ್ರಾಂ ಮಾಂಟ್‌ಮೊರಿಲ್ಲೊನೈಟ್ ಸುಮಾರು 80 ರಿಂದ 120 ಮಿಲಿ ಈಕ್ವಿವಲೆಂಟ್ ಹಿಡಿದಿಟ್ಟುಕೊಂಡರೆ, ಕಯೋಲಿನೈಟ್ ಹಿಡಿಯುವುದು 3 ರಿಂದ 15 ಮಾತ್ರ. ಹೀಗಾಗಿ ಕೆಮ್ಮಣ್ಣಿಗೆ ಯೂರಿಯಾವನ್ನು ಒಂದೇ ಬಾರಿಗೆ ಹಾಕಿದರೆ ಸಾರಜನಕದ ಬಹುಪಾಲು ಮಳೆಯ ನೀರಿನೊಂದಿಗೆ ಕೆಳಗಿಳಿಯುವ ಸಂಭವವಿದೆ. ಕಂತುಗಳಲ್ಲಿ ಕೊಡುವುದು, ಕೊಟ್ಟಿಗೆ ಗೊಬ್ಬರ ಸೇರಿಸುವುದು ಸೂಕ್ತ. ತಗ್ಗಿನ ಗದ್ದೆಯ ಅಪಾಯವೇ ಬೇರೆ. ನೀರು ನಿಂತು ಸೋಡಿಯಂ ಹೆಚ್ಚಿದರೆ ಜೇಡಿ ಕಣಗಳು ಚದುರಿ ಮಣ್ಣಿನ ರಂಧ್ರಗಳು ಮುಚ್ಚುತ್ತವೆ, ಭೂಮಿ ಚೌಳಾಗುತ್ತದೆ. ಆಗ ಬಸಿಗಾಲುವೆಯೊಂದಿಗೆ, ಪರೀಕ್ಷೆಯಲ್ಲಿ ತಿಳಿಸಿದ ಪ್ರಮಾಣದಲ್ಲಿ ಜಿಪ್ಸಂ ಬಳಸಬೇಕಾಗುತ್ತದೆ.

2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಚೀಟಿ ಯೋಜನೆಯಡಿ 12 ಅಂಶಗಳನ್ನು ಪರೀಕ್ಷಿಸಲಾಗುತ್ತದೆ. ಜೇಡಿ ಖನಿಜದ ಬಗೆ ಅವುಗಳಲ್ಲಿ ಸೇರಿಲ್ಲವಾದ್ದರಿಂದ, ಮಣ್ಣಿನ ಭೇದವನ್ನು ಮಾದರಿ ತೆಗೆಯುವಾಗಲೇ ಗುರುತಿಸತಕ್ಕದ್ದು. ಬಣ್ಣ, ಇಳಿಜಾರು, ಬಿರುಕು ನೋಡಿ ಜಮೀನನ್ನು ವಿಂಗಡಿಸಿ, ಪ್ರತಿ ಭಾಗದ 8-10 ಕಡೆಗಳಲ್ಲಿ 15 ಸೆಂ.ಮೀ. ಆಳದವರೆಗೆ ಮಣ್ಣು ತೆಗೆದು, ಆಯಾ ಭಾಗದ ಮಣ್ಣನ್ನು ಮಾತ್ರ ಬೆರೆಸಿ, ನೆರಳಿನಲ್ಲಿ ಒಣಗಿಸಿ, ಅರ್ಧ ಕಿಲೋ ಉಳಿಸಿಕೊಳ್ಳಬೇಕು. ಬದು, ಮರದ ಬುಡ, ತಿಪ್ಪೆಯ ಸ್ಥಳಗಳನ್ನು ಬಿಡತಕ್ಕದ್ದು. ರೈತರ ಹೆಸರು, ಸರ್ವೆ ನಂಬರ್, ಬೆಳೆ, ನೀರಾವರಿ ಮೂಲ ಹಾಗೂ ‘ಎತ್ತರ’ ಅಥವಾ ‘ತಗ್ಗು’ ಎಂದು ಬರೆದ ಚೀಟಿಯೊಂದಿಗೆ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಸಲ್ಲಿಸಬಹುದಾಗಿದೆ.