ಔಷಧಪರೀಕ್ಷೆಯಲ್ಲಿ ಲ್ಯಾಟಿನೋ ಜನರ ಅಧಿಕಾರ

ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ನೆಲಸಿರುವ ಲ್ಯಾಟಿನ್ ಅಮೆರಿಕಾ ಮೂಲದವರಿಗೆ ಲ್ಯಾಟಿನೋ ಎಂಬ ಹೆಸರು ರೂಢವಾಗಿದೆ. 2022ರಲ್ಲಿ ಆ ದೇಶದ ಜನಸಂಖ್ಯೆಯಲ್ಲಿ ಇವರು ನೂರಕ್ಕೆ ಸುಮಾರು 19. ಆ ವರ್ಷದ ಹೊಸ ಎಚ್‌ಐವಿ ಸೋಂಕುಗಳಲ್ಲಿಯಾದರೋ ಇವರ ಪಾಲು ನೂರಕ್ಕೆ ಸುಮಾರು 33. ಆದರೂ ಆ ರೋಗದ ಔಷಧಪರೀಕ್ಷೆಗಳಿಗೆ ಸೇರುವವರಲ್ಲಿ ಇವರ ಸಂಖ್ಯೆ ಈ ಪ್ರಮಾಣಕ್ಕೆ ಸಾಲದೆ ಬಂದಿದೆ. ಇದಕ್ಕೆ ಆ ಜನರ ಔದಾಸೀನ್ಯವೇ ಕಾರಣವೆಂದು ಹೇಳುವವರುಂಟು. ಪೂರ್ವವೃತ್ತಾಂತವನ್ನು ವಿಚಾರಿಸಿದರೆ ಆ ಮಾತು ನಿಲ್ಲಲಾರದು.

1946ರಿಂದ 1948ರವರೆಗೆ ಗ್ವಾಟೆಮಾಲಾ ದೇಶದಲ್ಲಿ ಅಮೆರಿಕಾ ಸರ್ಕಾರದ ವೈದ್ಯರು ಸೆರೆಯಾಳುಗಳು, ಸೈನಿಕರು, ಮಾನಸಿಕ ಆಸ್ಪತ್ರೆಯ ರೋಗಿಗಳು ಇವರಿಗೆ ಸಮ್ಮತಿಯನ್ನು ಪಡೆಯದೆಯೇ ಸಿಫಿಲಿಸ್ ಮೊದಲಾದ ಗುಹ್ಯರೋಗಗಳನ್ನು ಅಂಟಿಸಿ ಪೆನಿಸಿಲಿನ್ನಿನ ಗುಣವನ್ನು ಪರೀಕ್ಷಿಸಿದರು. ಇದು ಲೋಕಕ್ಕೆ ತಿಳಿದುದು 2010ರಲ್ಲಿ. ಅಧ್ಯಕ್ಷ ಒಬಾಮಾ ಆಗ ಕ್ಷಮೆ ಕೇಳಿದರು. 1956ರಲ್ಲಿ ಪೋರ್ಟೊ ರಿಕೊ ದ್ವೀಪದ ರಿಯೊ ಪಿಯೆದ್ರಾಸ್ ಎಂಬಲ್ಲಿ ಬಡ ಹೆಂಗಸರಿಗೆ ಗರ್ಭನಿರೋಧಕ ಗುಳಿಗೆಗಳನ್ನು ಕೊಡಲಾರಂಭಿಸಿದರು. ಅದು ಇನ್ನೂ ಪ್ರಯೋಗದಶೆಯಲ್ಲಿರುವ ಔಷಧವೆಂಬುದನ್ನು ಅವರಿಗೆ ತಿಳಿಸಿರಲಿಲ್ಲ.

ಮೀಮಾಂಸಾಶಾಸ್ತ್ರದಲ್ಲಿ ಅಧಿಕಾರವೆಂದರೆ ಕರ್ಮಫಲದ ಸ್ವಾಮ್ಯ. ಯಾಗದಲ್ಲಿ ಪಶುವೂ ಇರುವುದು, ಋತ್ವಿಜರೂ ಇರುವರು. ಫಲವು ಯಜಮಾನನಿಗೆ ಮಾತ್ರ. ಮೇಲೆ ಹೇಳಿದ ಪ್ರಯೋಗಗಳಲ್ಲಿ ಈ ಜನರಿಗೆ ಯಾವ ಸ್ಥಾನ ದೊರಕಿತೆಂಬುದನ್ನು ಬಿಡಿಸಿ ಹೇಳಬೇಕಾದುದಿಲ್ಲ.

ಏಡ್ಸ್ ರೋಗದ ಪ್ರಥಮ ವರದಿ 1981ರದು. 1987ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ಆಕ್ಟ್ ಅಪ್ ಸಂಘದೊಳಗೆ ಮುಂದೆ ಲ್ಯಾಟಿನೋ ಮಂಡಲಿಯೊಂದು ಏರ್ಪಟ್ಟು, ಚಿಕಿತ್ಸೆಯ ವಿಷಯವನ್ನು ಸ್ಪ್ಯಾನಿಷ್ ಭಾಷೆಗೆ ತಂದಿತು. ಈ ಕಾರ್ಯದಲ್ಲಿ ಮುಂದಾಳಾಗಿದ್ದ ಮೊಯಿಸೆಸ್ ಅಗೊಸ್ತೊ ಪೋರ್ಟೊ ರಿಕೊದ ಕವಿಗಳು; ಭಾಷೆಯ ಕೆಲಸಕ್ಕೆ ಭಾಷೆಯನ್ನು ಬಲ್ಲವರೇ ಕೈಹಾಕಿದುದು ಸಹಜವಾಗಿದೆ. ಸರ್ಕಾರದ ಹಣದಿಂದ ನಡೆಯುವ ವೈದ್ಯಕೀಯ ಸಂಶೋಧನೆಯಲ್ಲಿ ಸ್ತ್ರೀಯರನ್ನೂ ಅಲ್ಪಸಂಖ್ಯಾತರನ್ನೂ ಸೇರಿಸತಕ್ಕದ್ದೆಂಬ ಶಾಸನ 1993ರಲ್ಲಿ ಆಯಿತು.

ಆದರೆ ಸೇರಿಸಿಕೊಳ್ಳುವುದು ಬೇರೆ, ನಡೆಸುವುದು ಬೇರೆ. ಎರಡನೆಯದಕ್ಕೆ ಉತ್ತಮ ನಿದರ್ಶನ 2010ರಲ್ಲಿ ಪ್ರಕಟವಾದ ಐಪ್ರೆಕ್ಸ್ ಎಂಬ ಪರೀಕ್ಷೆ. ಸೋಂಕಿಲ್ಲದವರು ದಿನವೂ ಒಂದು ಗುಳಿಗೆಯನ್ನು ಸೇವಿಸಿದರೆ ಎಚ್‌ಐವಿ ತಗಲದಂತೆ ತಡೆಯಬಹುದೇ ಎಂಬುದು ಅದರ ಪ್ರಶ್ನೆ. ಪುರುಷಸಂಗವುಳ್ಳ ಪುರುಷರೂ ಲಿಂಗಾಂತರಿ ಸ್ತ್ರೀಯರೂ ಸೇರಿ 2,499 ಮಂದಿ ಒಪ್ಪಿ ಬಂದರು. ಅರ್ಧಕ್ಕಿಂತ ಹೆಚ್ಚಿನವರು ಪೆರು ದೇಶದವರು. ಅಮೆರಿಕಾದ ರಾಬರ್ಟ್ ಗ್ರಾಂಟರ ಜೊತೆಯಲ್ಲಿ ಲಿಮಾ ನಗರದ ವೈದ್ಯ ಹಾವಿಯೆರ್ ಲಾಮಾ ಸಹನಾಯಕರಾಗಿದ್ದರು. ನಿಜವಾದ ಔಷಧವನ್ನು ಪಡೆದವರಲ್ಲಿ ಸೋಂಕು ನೂರಕ್ಕೆ 44ರಷ್ಟು ಕಡಿಮೆಯಾಯಿತು. ಅಮೆರಿಕಾ ಆ ಗುಳಿಗೆಗೆ 2012ರಲ್ಲಿ ಅನುಮತಿಯನ್ನಿತ್ತಿತು. ಪರೀಕ್ಷೆಗೆ ಅತ್ಯಧಿಕವಾಗಿ ಜನರನ್ನು ಒದಗಿಸಿದ ಪೆರುವಿನಲ್ಲಿ ಅದು ಸಾಮಾನ್ಯರ ಕೈಗೆಟುಕಲು ಇನ್ನೂ ಹಲವು ವರ್ಷಗಳು ಹಿಡಿದುವು.