ಓಜೋನ್ ಪದರದ ಸಂರಕ್ಷಣೆ: ಭಾರತದ ರಾಜ್ಯನೀತಿ

ಆಮ್ಲಜನಕದ ಮೂರು ಪರಮಾಣುಗಳು ಕೂಡಿ ಆಗುವ ಓಜೋನ್ ಅನಿಲವು ಸಮೋಷ್ಣಮಂಡಲದಲ್ಲಿ ವಿರಳವಾಗಿ ಹರಡಿಕೊಂಡು, ಸೂರ್ಯನ ನೇರಳಾತೀತ ಕಿರಣಗಳ ಬಹುಭಾಗವನ್ನು ಹೀರಿ ಜೀವಕೋಟಿಯನ್ನು ಕಾಯುತ್ತಿರುವುದಾದರೂ, ಅದಷ್ಟನ್ನೂ ಭೂಮಟ್ಟದ ಒತ್ತಡಕ್ಕೆ ತಂದಲ್ಲಿ ಅದರ ದಪ್ಪವು ಸುಮಾರು 3 ಮಿಲಿಮೀಟರ್ ಮಾತ್ರ. ಈ ತೆಳುವಾದ ಹೊದಿಕೆಯನ್ನು ಸವೆಸುವ ರಾಸಾಯನಿಕಗಳ ಉತ್ಪಾದನೆ, ವ್ಯಾಪಾರ ಮತ್ತು ಬಳಕೆಗಳನ್ನು ಕಾನೂನಿನ ಮೂಲಕ ತಗ್ಗಿಸುತ್ತ ಬಂದು ಕಡೆಗೆ ನಿಲ್ಲಿಸುವುದೇ ಓಜೋನ್ ಸಂರಕ್ಷಣೆಯ ರಾಜ್ಯನೀತಿ.

ವಿಷವಿಲ್ಲ, ಬೆಂಕಿ ಹತ್ತದು, ಬೇಗ ಕೆಡದು ಎಂಬ ಗುಣಗಳಿಗಾಗಿಯೇ ರೆಫ್ರಿಜರೇಟರುಗಳಲ್ಲಿ ಬಳಕೆಗೆ ಬಂದ ಕ್ಲೋರೋಫ್ಲೋರೋಕಾರ್ಬನ್ನುಗಳು, ಕೆಡದಿರುವ ಆ ಗುಣದಿಂದಲೇ ಮೇಲ್ಮಂಡಲವನ್ನು ಮುಟ್ಟಿ, ಅಲ್ಲಿ ಒಡೆದು, ಓಜೋನನ್ನು ನಾಶಮಾಡುವ ಕ್ಲೋರಿನ್ನನ್ನು ಹೊರಗೆಡಹುವುವೆಂದು ಮಾರಿಯೋ ಮೊಲೀನಾ ಮತ್ತು ಶೆರ್ವುಡ್ ರೋಲೆಂಡ್ ಎಂಬ ವಿಜ್ಞಾನಿಗಳು 1974ರಲ್ಲಿ ಪ್ರತಿಪಾದಿಸಿದರು. ಅಂಟಾರ್ಕ್ಟಿಕದ ಮೇಲೆ ವಸಂತ ಋತುವಿನಲ್ಲಿ ಓಜೋನ್ ತೀವ್ರವಾಗಿ ಕ್ಷೀಣಿಸುತ್ತಿರುವುದನ್ನು ಬ್ರಿಟಿಷ್ ವಿಜ್ಞಾನಿಗಳು 1985ರಲ್ಲಿ ಪ್ರಕಟಿಸಿದರು. ಓಜೋನ್ ಪದರವನ್ನು ಕಾಪಾಡಲು ರಾಷ್ಟ್ರಗಳು ಮಾಡಿಕೊಂಡ ವಿಯೆನ್ನಾ ಒಪ್ಪಂದವು ಅದೇ ವರ್ಷದ್ದು. ಅದನ್ನು ಅನುಸರಿಸಿ, ಓಜೋನನ್ನು ಸವೆಸುವ ರಾಸಾಯನಿಕಗಳನ್ನು ತಗ್ಗಿಸಲೆಂದು ಮಾಡಿದ ಮಾಂಟ್ರಿಯಲ್ ಒಡಂಬಡಿಕೆ 1987ರ ಸೆಪ್ಟೆಂಬರ್ 16ರಂದು ಸಿದ್ಧವಾಯಿತು.

ಭಾರತವು ಈ ಒಡಂಬಡಿಕೆಗೆ ಒಡನೆಯೇ ಸೇರಲಿಲ್ಲ. ಈ ಹಿಂಜರಿಕೆಯನ್ನು ಉದಾಸೀನವೆಂದು ಬಗೆಯುವುದು ಅನ್ಯಾಯವಾದೀತು. ಆಕಾಶವನ್ನು ಸೇರಿದ್ದ ಕ್ಲೋರಿನ್ನಿನ ಬಹುಪಾಲು ಶ್ರೀಮಂತ ರಾಷ್ಟ್ರಗಳದಾಗಿರಲು, ಮನೆಮನೆಗೆ ಶೈತ್ಯಯಂತ್ರವಿನ್ನೂ ಬಾರದ ನಾಡುಗಳು ತಮ್ಮ ಕಾರ್ಖಾನೆಗಳನ್ನು ಯಾರ ಹಣದಿಂದ, ಯಾರ ತಂತ್ರಜ್ಞಾನದಿಂದ ಮಾರ್ಪಡಿಸಿಕೊಳ್ಳಬೇಕೆಂಬುದು ಧರ್ಮಸಮ್ಮತವಾದ ಪ್ರಶ್ನೆಯೇ ಆಗಿದ್ದಿತು. ಇಂಥ ರಾಸಾಯನಿಕಗಳನ್ನು ತಲೆಗೆ ವರ್ಷಕ್ಕೆ 0.3 ಕಿಲೋಗ್ರಾಂಗಿಂತ ಕಡಿಮೆ ಬಳಸುವ ಅಭಿವೃದ್ಧಿಶೀಲ ದೇಶಗಳಿಗೆ ಮೂಲ ಒಡಂಬಡಿಕೆಯೇ 10 ವರ್ಷಗಳ ಅವಕಾಶವನ್ನು ಕೊಟ್ಟಿದ್ದರೂ, ಹಣದ ಖಚಿತವಾದ ಏರ್ಪಾಡು ಅದರಲ್ಲಿರಲಿಲ್ಲ. 1990ರ ಲಂಡನ್ ಸಭೆಯಲ್ಲಿ ಭಾರತ, ಚೀನ ಮೊದಲಾದವುಗಳ ಒತ್ತಾಯದ ತರುವಾಯ, ಅಭಿವೃದ್ಧಿಶೀಲ ದೇಶಗಳ ಈ ಮಾರ್ಪಾಡಿಗೆ ಹಣ ಒದಗಿಸುವ ಬಹುಪಕ್ಷೀಯ ನಿಧಿಯು ರೂಪುಗೊಂಡಿತು. 1992ರ ಜೂನ್‌ನಲ್ಲಿ ಭಾರತವು ಒಡಂಬಡಿಕೆಗೆ ಸೇರಿತು. ಮುಂದೆ ಜಗತ್ತಿನ ಸಮಸ್ತ ರಾಷ್ಟ್ರಗಳೂ ಇದನ್ನು ಅಂಗೀಕರಿಸುವಂತಾದುದಕ್ಕೆ ಈ ನ್ಯಾಯವಾದ ಹಂಚಿಕೆಯೇ ಮುಖ್ಯ ಕಾರಣವೆಂದು ತೋರುತ್ತದೆ.

ದೇಶದೊಳಗಣ ಕಾರ್ಯವನ್ನು ಪರಿಸರ ಮಂತ್ರಾಲಯದ ಓಜೋನ್ ಘಟಕವು ನಿರ್ವಹಿಸುತ್ತದೆ. 1986ರ ಪರಿಸರ ಸಂರಕ್ಷಣಾ ಅಧಿನಿಯಮದ ಅಡಿಯಲ್ಲಿ 2000ದಲ್ಲಿ ಹೊರಟ ನಿಯಮಾವಳಿಯು ಉತ್ಪಾದಕರಿಗೂ ಮಾರಾಟಗಾರರಿಗೂ ನೋಂದಣಿಯನ್ನು, ಆಮದು ರಫ್ತುಗಳಿಗೆ ಪರವಾನಗಿಯನ್ನು ಕಡ್ಡಾಯಮಾಡಿ, ಒಂದೊಂದು ಪದಾರ್ಥದ ಬಳಕೆಗೂ ಕೊನೆಯ ದಿನವನ್ನು ಗೊತ್ತುಪಡಿಸಿತು. ಕ್ಲೋರೋಫ್ಲೋರೋಕಾರ್ಬನ್ನುಗಳ ತಯಾರಿಕೆಯು, ಉಬ್ಬಸರೋಗಿಗಳು ಸೇದುವ ಇನ್‌ಹೇಲರುಗಳಿಗೆ ಬೇಕಾದಷ್ಟರ ಹೊರತು, 2010ರ ಗಡುವಿಗೆ 17 ತಿಂಗಳು ಮೊದಲೇ, 2008ರ ಆಗಸ್ಟ್ 1ರಿಂದ ನಿಂತುಹೋಯಿತು. ಆದರೆ ಕಾರ್ಖಾನೆಯ ಬಾಗಿಲಲ್ಲಿ ಮುಗಿಯುವ ಕೆಲಸವಿದಲ್ಲ. ಓಣಿಯ ಅಂಗಡಿಯಲ್ಲಿ ಫ್ರಿಜ್ಜಿಗೆ ಗ್ಯಾಸ್ ತುಂಬುವ ಮೆಕ್ಯಾನಿಕ್ಕನು ಹಳೆಯ ಅನಿಲವನ್ನು ಗಾಳಿಗೆ ಬಿಡದೆ ಸಿಲಿಂಡರಿಗೆ ಹಿಡಿದುಕೊಳ್ಳುವುದನ್ನು ಕಲಿಯಬೇಕು. ಅಂಥವರಿಗೆ ತರಬೇತಿ ಕೊಡುವ ಯೋಜನೆಗಳು ಅಧಿಸೂಚನೆಗಳಿಗಿಂತ ಕಡಿಮೆ ಮಹತ್ತ್ವದವಲ್ಲ.

ಬದಲಿಯಾಗಿ ಬಂದ ಹೈಡ್ರೋಫ್ಲೋರೋಕಾರ್ಬನ್ನುಗಳು ಓಜೋನಿಗೆ ಅಪಾಯಕಾರಿಗಳಲ್ಲವಾದರೂ ಭೂಮಿಯನ್ನು ಬಲವಾಗಿ ಕಾಯಿಸುತ್ತವೆ. ಶೀತಕಗಳ ಈ ಎರಡನೆಯ ಮುಖವನ್ನು, ಕ್ಲೋರೋಫ್ಲೋರೋಕಾರ್ಬನ್ನುಗಳ ವಿಷಯದಲ್ಲಿ, 1975ರಲ್ಲಿಯೇ ಕಾಣಿಸಿಕೊಟ್ಟವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದ ವಿ. ರಾಮನಾಥನ್ ಅವರು. ಹೈಡ್ರೋಫ್ಲೋರೋಕಾರ್ಬನ್ನುಗಳನ್ನೂ ತಗ್ಗಿಸಲೆಂದು ಮಾಂಟ್ರಿಯಲ್ ಒಡಂಬಡಿಕೆಗೆ ಮಾಡಿದ 2016ರ ಕಿಗಾಲಿ ತಿದ್ದುಪಡಿಯನ್ನು ಭಾರತವು 2021ರಲ್ಲಿ ಅನುಮೋದಿಸಿತು. ಅದರಂತೆ ಈ ಅನಿಲಗಳ ಬಳಕೆಯು 2032ರಲ್ಲಿ ಶೇ. 10ರಷ್ಟು ಇಳಿಯಲಾರಂಭಿಸಿ 2047ರ ಹೊತ್ತಿಗೆ ಶೇ. 85ರಷ್ಟು ಇಳಿದಿರಬೇಕು. ಕ್ಲೋರೋಫ್ಲೋರೋಕಾರ್ಬನ್ನುಗಳಿಗೂ ಹೈಡ್ರೋಫ್ಲೋರೋಕಾರ್ಬನ್ನುಗಳಿಗೂ ನಡುವಣ ಕಾಲದಲ್ಲಿ ಬಳಕೆಗೆ ಬಂದ ಹೈಡ್ರೋಕ್ಲೋರೋಫ್ಲೋರೋಕಾರ್ಬನ್ನುಗಳಿಗೆ 2030 ಕೊನೆಯ ಗಡುವು. ಆಮೇಲೆ 2040ರವರೆಗೆ, ಇರುವ ಯಂತ್ರಗಳ ದುರಸ್ತಿಗೆಂದು ಅಲ್ಪ ಪ್ರಮಾಣಕ್ಕಷ್ಟೇ ಅವಕಾಶವುಂಟು.